ಮಗ್ಗವಿಲ್ಲದ ನೇಕಾರ

ಬನಹಟ್ಟಿ: ಬಸ್ ಸ್ಟ್ಯಾಂಡು. ಜಮಖಂಡಿ ಬಸ್ಸು ಇನ್ನೂ ಬಂದಿಲ್ಲ. ಒಬ್ಬರು ಪೇಪರು ಮಡಿಚಿ ಪೆನ್ನು ತೆಗೆದರೆಂದರೆ ಸಾಕು, ಪಕ್ಕದವರ ಕತ್ತೂ ಉದ್ದವಾಗುತ್ತದೆ.

“ಮಗ್ಗದ ಮ್ಯಾಲೆ ಅತ್ತಿಂದಿತ್ತ ಓಡೂದು, ಎರಡಕ್ಷರ. ಏನ್ರೀ ಅದು?”

ಬನಹಟ್ಟಿಯಲ್ಲಿ ಈ ಪ್ರಶ್ನೆಗೆ ಯೋಚನೆ ಬೇಕೆ? ಲಾಳಿ!

ಚೌಕ ತುಂಬಿದವರಿಗೆ ಖುಷಿ. ಆದರೆ ಚೌಕ ಹೂಡಿದವರು ಯಾರು ಎಂದು ಕೇಳುವವರು ಕಡಿಮೆ.

ಕನ್ನಡದಲ್ಲಿ ಈ ಕಸುಬಿಗೆ ಹೆಸರಾದವರು ಅ.ನಾ. ಪ್ರಹ್ಲಾದರಾವ್. ಹುಟ್ಟಿದ್ದು 1953ರಲ್ಲಿ, ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ. ಮಾಡಿದ್ದು ಸರಕಾರದ ವಾರ್ತಾ ಇಲಾಖೆಯ ನೌಕರಿ. ಡಾ. ರಾಜ್‌ಕುಮಾರ್ ಅವರ ಜೀವನ ಕುರಿತು ‘ಬಂಗಾರದ ಮನುಷ್ಯ’ ಪುಸ್ತಕ ಬರೆದವರೂ ಇವರೇ. 1980ರ ದಶಕದಲ್ಲಿ ಹಿಡಿದ ಪದಬಂಧದ ಗೀಳು ಮಾತ್ರ ಬಿಡಲಿಲ್ಲ. ಕಟ್ಟಿದ ಪದಬಂಧ 30,000ಕ್ಕೂ ಮಿಕ್ಕಿ! ದಿನಕ್ಕೊಂದರಂತೆ ಬಿಡಿಸಿದರೂ 80 ವರ್ಷ ಸಾಲದು. ಲಿಮ್ಕಾ ದಾಖಲೆ ಪುಸ್ತಕದಲ್ಲೂ ಹೆಸರು ಸೇರಿತು.

ಇಂಗ್ಲಿಷಿನ ಆಟ

ಈ ಆಟದ ಮೂಲ ಅಮೆರಿಕ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ಮೊದಲು ಅಚ್ಚು ಹಾಕಿಸಿದರು. ಅಲ್ಲಿ ಬರೀ 26 ಅಕ್ಷರಗಳ ವ್ಯವಹಾರ. ಕನ್ನಡದಲ್ಲಿ ಹಾಗೆ ನಡೆಯದು. ಒಂದು ಚೌಕಕ್ಕೆ ಕಾಗುಣಿತ, ಒತ್ತು ಸಮೇತ ಒಂದಕ್ಷರ. ಕ ಬೇರೆ, ಕಾ ಬೇರೆ, ಕ್ಕ ಬೇರೆ.

ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನಿಂದ ಕೆಳಕ್ಕೆ ಹಾಸು, ಎಡದಿಂದ ಬಲಕ್ಕೆ ಹೊಕ್ಕು. ಒಂದೆಳೆ ತಪ್ಪಿದರೆ ಇಡೀ ಸೀರೆ ಕೆಟ್ಟಿತು.

ಲಾಳಿಯ ‘ಳಿ’ಯನ್ನೇ ನೋಡಿ. ಅದನ್ನು ಹಾದು ಹಬ್ಬದೂಟದ ಸಿಹಿಯೊಂದು ಕೆಳಗಿಳಿಯಬೇಕು, ಮೂರಕ್ಷರ. ‘ಹೋಳಿಗೆ’ ಸರಿಯಾಗಿ ಕೂಡುತ್ತದೆ. ಈ ಕಡೆಯ ಬಾಯಿಗೆ ಬರುವುದು ‘ಹೋಳಗಿ’. ಹಾಗೆ ಬರೆದರೆ ನಡುವೆ ‘ಳ’ ಬಂದು, ನೇಕಾರನ ಲಾಳಿ ಹೋಗಿ ಕುದುರೆಯ ಲಾಳವಾಗುತ್ತದೆ!

ಹಾಗಾದರೆ ಹೋಳಗಿ ತಪ್ಪೇ? ಖಂಡಿತ ಅಲ್ಲ. ಮಾತು ಊರಿಗೊಂದು. ಆದರೆ ಪದಬಂಧ ಕಟ್ಟುವವರಿಗೆ ಅಬ್ಬಣಿಯವರೂ ಬನಹಟ್ಟಿಯವರೂ ಒಪ್ಪುವ ಅಕ್ಷರವೇ ಬೇಕು. ಸುಳುಹು ತೀರ ಸುಲಭವಾದರೆ ಓದುಗರಿಗೆ ಬೇಸರ. ಮೋಸವಾದರೆ ಸಿಟ್ಟು. ಇಷ್ಟೆಲ್ಲ ಒದ್ದಾಡಿ ಕಟ್ಟಿದ್ದು ಸಂಜೆಯೊಳಗೆ ಮಿರ್ಚಿ ಭಜಿಯ ಪೊಟ್ಟಣ.

ಉಳಿಯುವುದೇನು?

ಶಬ್ದ ಉಳಿಯುತ್ತದೆ. ಕೈಮಗ್ಗ ಕಡಿಮೆಯಾದ ಹಾಗೆ ಅದರ ಮಾತುಗಳೂ ಬಾಯಿಂದ ಜಾರುತ್ತವೆ. ಮಗ್ಗವನ್ನೇ ಕಾಣದ ಹುಡುಗನಿಗೂ ಎರಡು ಖಾಲಿ ಚೌಕ ಲಾಳಿಯನ್ನು ಕೇಳುತ್ತವೆ. ಗೊತ್ತಿಲ್ಲದಿದ್ದರೆ ಅಜ್ಜನ ಹತ್ತಿರ ಹೋಗಬೇಕು. ಅಜ್ಜ ಲಾಳಿಯೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ಕುಣಿಮಗ್ಗದಿಂದ ಹಿಡಿದು ಎಲ್ಲವನ್ನೂ ಹೇಳಿಯೇ ಬಿಡುತ್ತಾನೆ.

ಬಸ್ಸು ಬಂತು. ಚೌಕ ಇನ್ನೂ ಎರಡು ಖಾಲಿ. “ಹತ್ರೀ, ಹತ್ರೀ! ಒಳಗ ಕುಂತು ತುಂಬೂಣಂತ.”