ಹಿಟ್ಟು ಕೊಂಡವರಿಗೆ ಹಾಸಿಗೆ ಪುಕ್ಕಟೆ

ಊಖೀಮಠದಲ್ಲಿ ನಾನು ಉಳಿದುಕೊಂಡ ಲಾಡ್ಜಿನ ಅಡುಗೆಮನೆಯ ಅಟ್ಟದ ಮೇಲೆ ದಪ್ಪ ತಳದ ಕಂಚಿನ ಪಾತ್ರೆಗಳನ್ನು ಸಾಲಾಗಿ ಬೋರಲು ಹಾಕಿದ್ದರು. ಗಢವಾಲದವರು ಇದನ್ನು ಭಡ್ಡು ಎನ್ನುತ್ತಾರೆ. ಸೌದೆ ಒಲೆಯ ಮೇಲೆ ಬೇಳೆಯನ್ನು ಗಂಟೆಗಟ್ಟಲೆ ಬೇಯಿಸುವ ಪಾತ್ರೆ, ಒಂದು ಸಂಸಾರಕ್ಕೆ ಒಂದೋ ಎರಡೋ ಸಾಕು. ಇಲ್ಲಿ ಅಟ್ಟದ ತುಂಬ ಅವೇ ಇದ್ದವು. ಒಂದು ಮನೆಗೆ ಇಷ್ಟೊಂದು ಯಾಕೆ ಎಂದು ಕೇಳಿದೆ. ರೊಟ್ಟಿ ತಟ್ಟುತ್ತಿದ್ದ ಮಾಲೀಕರು ತಲೆ ಎತ್ತದೆ ಹೇಳಿದರು: ‘ಅವು ಮನೆಯವಲ್ಲ ಭೈಜೀ, ಯಾತ್ರಿಗಳವು. ನಮ್ಮ ಮುತ್ತಜ್ಜನ ಚಟ್ಟಿಯ ಪಾತ್ರೆ.’

ಚಟ್ಟಿ! ಹನುಮಾನ್ ಚಟ್ಟಿ, ಜಾನಕಿ ಚಟ್ಟಿ, ಸ್ಯಾನಾ ಚಟ್ಟಿ ಎಂಬ ಹೆಸರುಗಳನ್ನು ಚಾರ್‌ಧಾಮ್‌ಗೆ ಹೋಗಿಬಂದವರೆಲ್ಲ ಬಸ್ಸಿನ ಕಿಟಕಿಯಿಂದ ಓದಿರುತ್ತೀರಿ. ಆ ಹೆಸರಿನ ಹಿಂದಿದ್ದ ವ್ಯವಹಾರ ಈ ಅಟ್ಟದ ಮೇಲೆ ಇನ್ನೂ ಕೈಗೆ ಸಿಗುವಂತಿತ್ತು. ಒಂದು ಭಡ್ಡುವನ್ನು ಇಳಿಸಿಕೊಟ್ಟರು. ಎರಡೂ ಕೈಯಲ್ಲಿ ಎತ್ತಬೇಕಾದಷ್ಟು ಭಾರ. ತಳದಲ್ಲಿ ಮಸಿ ಕಲ್ಲಿನಂತೆ ಗಟ್ಟಿಯಾಗಿತ್ತು.

ಕೇದಾರನಾಥದ ಬಾಗಿಲು ಮುಚ್ಚಿ ಸ್ವಲ್ಪ ದಿನ ಕಳೆದಿತ್ತು. ನಮ್ಮ ಬಲಿಪಾಡ್ಯಮಿಯ ಮರುದಿನ, ಅಲ್ಲಿಯವರ ಭಾಯಿ ದೂಜ್‌ಗೆ, ಬಾಗಿಲು ಹಾಕುತ್ತಾರೆ. ದೇವರ ಡೋಲಿ ರಾಮ್‌ಪುರದಲ್ಲಿ ಒಂದು ರಾತ್ರಿ, ಗುಪ್ತಕಾಶಿಯ ವಿಶ್ವನಾಥನಲ್ಲಿ ಒಂದು ರಾತ್ರಿ ತಂಗಿ, ಮೂರನೆಯ ದಿನ ಊಖೀಮಠದ ಓಂಕಾರೇಶ್ವರ ದೇವಸ್ಥಾನಕ್ಕೆ ಬರುತ್ತದೆ. ಚಳಿಗಾಲದ ಆರು ತಿಂಗಳು ಪೂಜೆಯೆಲ್ಲ ಇಲ್ಲೇ. ಇದು ಕನ್ನಡಿಗರಿಗೆ ಪರಕೀಯ ಊರಲ್ಲ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇಲ್ಲಿದೆ. ಕೇದಾರದ ರಾವಲರು, ಅವರ ಪರವಾಗಿ ಪೂಜೆ ಮಾಡುವ ಅರ್ಚಕರು ಕರ್ನಾಟಕದೊಂದಿಗೆ ಬೆಸೆದುಕೊಂಡ ವೀರಶೈವ ಜಂಗಮ ಪರಂಪರೆಯವರು. ಹಾಗಿದ್ದೂ ನಮ್ಮವರಲ್ಲಿ ಹೆಚ್ಚಿನವರು ಈ ಊರನ್ನು ಟೆಂಪೊ ಟ್ರಾವೆಲರಿನ ನಿದ್ದೆಯಲ್ಲಿ ದಾಟುತ್ತಾರೆ ಎನ್ನುವುದು ನನಗೆ ಸಂಕಟದ ವಿಷಯ. ರುದ್ರಪ್ರಯಾಗದಿಂದ ನಲವತ್ತು ಕಿಲೋಮೀಟರ್ ಆಸುಪಾಸು ಮೇಲಕ್ಕೆ ಬಂದು ಇಲ್ಲೊಂದು ರಾತ್ರಿ ಇಳಿದುಕೊಂಡರೆ, ಬೆಳಿಗ್ಗೆ 7,138 ಮೀಟರ್ ಎತ್ತರದ ಚೌಖಂಬಾದ ನಾಲ್ಕು ಕೊಂಬುಗಳು ಕಣಿವೆಯ ತಲೆಯ ಮೇಲೆ ನಿಂತಿರುತ್ತವೆ. ಅದನ್ನು ನೋಡಲು ದುಬಾರಿ ರೆಸಾರ್ಟ್ ಏನೂ ಬೇಕಿಲ್ಲ.

ನನ್ನ ಕೊಠಡಿಯಲ್ಲಿ ಎರಡು ಮಂಚ, ಎತ್ತಿದರೆ ತೋಳು ನೋಯುವ ರಜಾಯಿ, ಒಂದು ಪ್ಲಾಸ್ಟಿಕ್ ಕುರ್ಚಿ ಇದ್ದವು. ಬಿಸಿನೀರು ಬಕೆಟ್ಟಿನಲ್ಲಿ ಬರುತ್ತಿತ್ತು. ಬಾಡಿಗೆ ಎಷ್ಟೆಂದು ಕೇಳಿದಾಗ ಮಾಲೀಕರು ಮೊದಲು ಹೇಳಿದ್ದು ಬಾಡಿಗೆಯನ್ನಲ್ಲ. ‘ಊಟ ಇಲ್ಲೇ ಮಾಡುತ್ತೀರಿ ತಾನೆ?’ ಎಂದರು. ಮಾಡುತ್ತೇನೆ ಎಂದ ಮೇಲೆ ಹೇಳಿದ ಮೊತ್ತ ನಾಮಮಾತ್ರದ್ದು. ಮೇ, ಜೂನ್ ತಿಂಗಳಲ್ಲಿ ಅದೇ ಕೊಠಡಿಗೆ ಹಲವು ಪಟ್ಟು ದರ ಇರುತ್ತದೆ, ಅದನ್ನೂ ಅವರೇ ಮುಚ್ಚುಮರೆಯಿಲ್ಲದೆ ತಿಳಿಸಿದರು. ಜನ ಕಡಿಮೆಯಾದಾಗ ಅವರು ತಮಗೆ ಗೊತ್ತಿಲ್ಲದೆಯೇ ಮುತ್ತಜ್ಜನ ಲೆಕ್ಕಕ್ಕೆ ಹಿಂತಿರುಗುತ್ತಾರೆ.

ಆ ಲೆಕ್ಕ ಹೀಗಿತ್ತು. ಮೋಟಾರು ರಸ್ತೆ ಬರುವ ಮೊದಲು ಯಾತ್ರಿಗಳು ಹೃಷಿಕೇಶದಿಂದ ನಡೆದೇ ಬರುತ್ತಿದ್ದರು. ಕೇದಾರ ಮುಗಿಸಿ ಊಖೀಮಠಕ್ಕೆ ಇಳಿದು, ಚೋಪ್ತಾ ಏರಿ, ಮಂಡಲ್, ಗೋಪೇಶ್ವರ ದಾಟಿ ಚಮೋಲಿಗೆ, ಅಲ್ಲಿಂದ ಬದರಿಗೆ. ವಾರಗಟ್ಟಲೆಯ ಈ ದಾರಿಯಲ್ಲಿ ಕೆಲವೇ ಮೈಲಿಗೊಂದು ಚಟ್ಟಿ ಸಿಗುತ್ತಿತ್ತು. ಉದ್ದನೆಯ ತಗ್ಗು ಮಾಡು, ಮಣ್ಣಿನ ನೆಲ, ಪಕ್ಕದಲ್ಲಿ ಒಂದು ಅಂಗಡಿ. ಅಂಗಡಿಯಲ್ಲಿ ಗೋಧಿ ಹಿಟ್ಟು, ಅಕ್ಕಿ, ಬೇಳೆ, ತುಪ್ಪ, ಬೆಲ್ಲ, ಉಪ್ಪು. ಅವನ್ನು ಅಲ್ಲಿ ಕೊಂಡವರಿಗೆ ಮಲಗಲು ಜಾಗ ಪುಕ್ಕಟೆ, ಬೇಯಿಸಲು ಪಾತ್ರೆಯೂ ಪುಕ್ಕಟೆ. ಬೆಳಿಗ್ಗೆ ಬೂದಿಯಿಂದ ಉಜ್ಜಿ ಬೋರಲು ಹಾಕಿ ಹೊರಟುಬಿಡುವುದು. ಜಾಗಕ್ಕೆ ಯಾಕೆ ಕಾಸಿಲ್ಲ? ಮಾಡು ಒಮ್ಮೆ ಕಟ್ಟಿದರೆ ಮುಗಿಯಿತು, ಹಿಟ್ಟನ್ನು ಮಾತ್ರ ಪ್ರತಿ ಸಲ ಬೆನ್ನ ಮೇಲೋ ಹೇಸರಗತ್ತೆಯ ಮೇಲೋ ಹತ್ತಿಸಿ ತರಬೇಕು. ಬೆಟ್ಟದಲ್ಲಿ ಬೆಲೆ ಇರುವುದು ಹೊರೆಗೆ. ಎತ್ತರ ಏರಿದಂತೆ ಹಿಟ್ಟಿನ ದರವೂ ಏರುತ್ತಿತ್ತು. ನೇಪಾಳದ ಎವರೆಸ್ಟ್, ಅನ್ನಪೂರ್ಣಾ ಚಾರಣದ ದಾರಿಯ ಲಾಡ್ಜುಗಳಲ್ಲಿ ಈಗಲೂ ಕೊಠಡಿ ಅಗ್ಗ, ದಾಲ್‌ಭಾತ್ ತುಟ್ಟಿ. ಬೇರೆಡೆ ಊಟ ಮಾಡಿದರೆ ಕೊಠಡಿಯ ದರ ಏರುತ್ತದೆ. ಎರಡೂ ಕಡೆ ಕಾರಣ ಒಂದೇ. ನಿಜಕ್ಕೂ ಖರ್ಚು ಬೀಳುವುದಕ್ಕೆ ಮಾತ್ರ ದುಡ್ಡು ಕೇಳುವ ಈ ಪದ್ಧತಿಯ ಮೇಲೆ ನನಗೆ ಬಹಳ ಗೌರವ.

ಗೌರವ ಇದೆಯೆಂದು ಚಟ್ಟಿಯ ಕೊಳಕನ್ನು ಮರೆಮಾಡಬಾರದು. ನೂರಾರು ಜನ, ಒಂದೇ ನೀರಿನ ಝರಿ, ಶೌಚಕ್ಕೆ ಅದರ ಮೇಲಿನ ಇಳಿಜಾರು. ಕಾಲರಾ ಯಾತ್ರಿಗಳ ಜೊತೆಗೇ ಬೆಟ್ಟ ಹತ್ತುತ್ತಿತ್ತು. ಕೊಳ್ಳಲು ಕಾಸಿಲ್ಲದ ಸಾಧುಗಳಿಗೆ, ಬಡವರಿಗೆ ಬಾಬಾ ಕಾಲೀ ಕಮಲೀವಾಲೆ ಕ್ಷೇತ್ರದ ಧರ್ಮಶಾಲೆಗಳೇ ಗತಿ. 19ನೇ ಶತಮಾನದ ಕೊನೆಯಲ್ಲಿ ಸ್ವಾಮಿ ವಿಶುದ್ಧಾನಂದರು ಹೃಷಿಕೇಶದಿಂದ ಶುರುಮಾಡಿದ ಆ ಸಂಸ್ಥೆಯ ಛತ್ರಗಳು ಇಂದಿಗೂ ನಡೆಯುತ್ತಿವೆ.

ಚಟ್ಟಿಯವರ ಕುರಿತು ಬರೆಯುವಾಗ ಗೋಲಾಬ್‌ರಾಯ್‌ನ ಪಂಡಿತರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜಿಮ್ ಕಾರ್ಬೆಟ್‌ರ ರುದ್ರಪ್ರಯಾಗದ ನರಭಕ್ಷಕ ಚಿರತೆಯ ಕಥೆಯನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಅವರ ಪರಿಚಯ ಇದ್ದೇ ಇರುತ್ತದೆ. 1918ರಿಂದ 1926ರವರೆಗೆ 125 ಜನರನ್ನು ಕೊಂದ ಆ ಚಿರತೆಯನ್ನು ಕಾರ್ಬೆಟ್ ಕೊನೆಗೆ ಹೊಡೆದದ್ದು ರುದ್ರಪ್ರಯಾಗದ ಪಕ್ಕದ ಗೋಲಾಬ್‌ರಾಯ್‌ನಲ್ಲಿ, ಯಾತ್ರಿಗಳ ತಂಗುದಾಣದ ಬಳಿಯ ಮಾವಿನಮರದ ಮೇಲೆ ಕುಳಿತು. ನಾವೆಲ್ಲ ಬಂದೂಕು, ಮರ, ಚಿರತೆಯನ್ನು ನೆನಪಿಟ್ಟುಕೊಳ್ಳುತ್ತೇವೆ. ಆ ತಂಗುದಾಣ ನಡೆಸುತ್ತಿದ್ದವರನ್ನು ಮರೆಯುತ್ತೇವೆ.

1921ರ ಬೇಸಿಗೆಯ ಒಂದು ಸಂಜೆ ಮದರಾಸಿನ ಕಡೆಯ ಹತ್ತು ಯಾತ್ರಿಗಳು ದಣಿದು ಅಲ್ಲಿಗೆ ಬಂದರು. ಚಿರತೆಯ ಭಯ ದಾರಿಯುದ್ದಕ್ಕೂ ಹಬ್ಬಿದ್ದ ಕಾಲ. ಇಲ್ಲಿ ಇನ್ನೊಬ್ಬರು ಸತ್ತರೆ ತಂಗುದಾಣದ ಹೆಸರು ಕೆಡುತ್ತದೆ ಎಂಬ ಅಂಜಿಕೆಯಿಂದ ಪಂಡಿತರು, ಇನ್ನು ಸ್ವಲ್ಪ ದೂರ ನಡೆದು ರುದ್ರಪ್ರಯಾಗ ಸೇರಿಕೊಳ್ಳಿ ಎಂದು ಬೇಡಿಕೊಂಡರು. ಆದರೆ ಹೆಜ್ಜೆ ಎತ್ತಿಡುವ ಶಕ್ತಿಯೂ ಅವರಲ್ಲಿರಲಿಲ್ಲ. ಹೊರಗಿನ ಮಾಡಿನಲ್ಲಿ ಮಲಗಿಸಲು ಮನಸ್ಸು ಬಾರದೆ, ಪಂಡಿತರು ಅಷ್ಟೂ ಜನರನ್ನು ತಮ್ಮ ಮನೆಯ ಮೇಲಿನ ಕೋಣೆಗೇ ಸೇರಿಸಿ ಬಾಗಿಲು ಭದ್ರಪಡಿಸಿದರು. ಕಿಟಕಿ ಇಲ್ಲದ ಸಣ್ಣ ಕೋಣೆ, ಸೆಕೆ. ನಡುರಾತ್ರಿ ಉಸಿರುಕಟ್ಟಿದಂತಾಗಿ ಗಾಳಿಗೆಂದು ಪಂಡಿತರು ಬಾಗಿಲು ತೆರೆದು ಮೆಟ್ಟಿಲ ತುದಿಯಲ್ಲಿ ನಿಂತದ್ದೇ ತಡ, ಚಿರತೆ ಗಂಟಲು ಹಿಡಿಯಿತು. ಅಕ್ಕಪಕ್ಕದ ಕಂಬಗಳನ್ನು ಬಿಗಿಹಿಡಿದು ಎರಡೂ ಕಾಲಿನಿಂದ ಒದ್ದು ಅದನ್ನು ಕೆಳಕ್ಕೆ ಕೆಡವಿದರು. ಅದು ಮತ್ತೆ ಹಾರಿ ತೋಳನ್ನು ಸೀಳಿತು. ಒಳಗಿದ್ದ ಯಾತ್ರಿಗಳು ಅವರನ್ನು ಎಳೆದುಕೊಂಡು ಬಾಗಿಲು ಹಾಕಿದರು. ಪಂಡಿತರು ಬದುಕಿದರು. ವರ್ಷಗಳ ಮೇಲೆ ಕಾರ್ಬೆಟ್ ಅಲ್ಲಿ ಮರದ ಮೇಲೆ ರಾತ್ರಿಗಳನ್ನು ಕಳೆದಾಗಲೂ ಅವರು ತಂಗುದಾಣ ನಡೆಸುತ್ತಲೇ ಇದ್ದರು.

ಆ ಹತ್ತು ಜನ ಯಾರು, ಯಾವ ಊರಿನವರು? ಅಂದಿನ ಮದರಾಸ್ ಪ್ರಾಂತ್ಯವೆಂದರೆ ಮಂಗಳೂರು, ಬಳ್ಳಾರಿಗಳೂ ಅದರೊಳಗೇ ಇದ್ದವು. ಅವರಲ್ಲಿ ಒಬ್ಬರಾದರೂ ನಮ್ಮ ಕಡೆಯವರು ಇದ್ದಿರಬಹುದೆ ಎಂಬ ಆಸೆ ನನ್ನನ್ನು ಬಿಡುವುದಿಲ್ಲ. ಇದ್ದಿದ್ದರೆ ಊರಿಗೆ ಮರಳಿ ಏನೆಂದು ಹೇಳಿಕೊಂಡಿರುತ್ತಾರೆ? ಗೋಲಾಬ್‌ರಾಯ್‌ನಲ್ಲಿ ಈಗ ಚಿರತೆ ಸತ್ತ ಜಾಗವನ್ನು, 1926ರ ಮೇ 2ರ ತಾರೀಖನ್ನು ತಿಳಿಸುವ ಫಲಕವಿದೆ. ಪಂಡಿತರಿಗೂ ಅದರ ಪಕ್ಕದಲ್ಲೊಂದು ಫಲಕ ಸಲ್ಲಬೇಕು. ಊಖೀಮಠದ ಮಾಲೀಕರಿಗೆ ಈ ಕಥೆ ಹೇಳಿದೆ. ಅವರಿಗೆ ಗೊತ್ತಿತ್ತು. ಆದರೆ ಅವರ ಪಾಲಿಗೆ ಅದು ಚಿರತೆಯ ಕಥೆಯಾಗಿರಲಿಲ್ಲ. ‘ಬಂದವರನ್ನು ಮುಂದಕ್ಕೆ ಕಳಿಸಲು ನೋಡಿದ್ದಕ್ಕೆ ಸಿಕ್ಕ ಶಿಕ್ಷೆ ಎಂದು ನಮ್ಮಜ್ಜಿ ಹೇಳುತ್ತಿದ್ದರು’ ಎಂದರು. ಅಜ್ಜಿಯ ತೀರ್ಪನ್ನು ನಾನು ಒಪ್ಪುವುದಿಲ್ಲ. ತನ್ನ ಕೋಣೆಯನ್ನೇ ಬಿಟ್ಟುಕೊಟ್ಟವನಿಗೆ ಶಿಕ್ಷೆ ಎಂತಹುದು?

1962ರ ಚೀನಾ ಯುದ್ಧದ ನಂತರ ಗಡಿ ರಸ್ತೆಗಳ ಕೆಲಸ ಬಿರುಸಾಯಿತು, ಬಸ್ಸುಗಳು ಮೇಲೆ ಮೇಲೆ ಹತ್ತಿದವು, ದಾರಿಯ ಚಟ್ಟಿಗಳು ಒಂದೊಂದಾಗಿ ಸತ್ತವು. ಇಡೀ ದಿನದ ನಡಿಗೆಯನ್ನು ಬಸ್ಸು ಒಂದು ಗಂಟೆಯಲ್ಲಿ ದಾಟುವಾಗ ನಡುವೆ ಹಿಟ್ಟು ಕೊಳ್ಳುವವರು ಯಾರು? ಬಸ್ಸು ನಿಲ್ಲುವಲ್ಲಿ ಲಾಡ್ಜುಗಳು ಎದ್ದವು. ಚಟ್ಟಿಯ ಜೀವ ಉಳಿದದ್ದು ರಸ್ತೆ ತಲುಪದ ಕಡೆ, ಅಂದರೆ ಗೌರಿಕುಂಡದಿಂದ ಕೇದಾರಕ್ಕೆ ಹತ್ತುವ ಹಾದಿಯಲ್ಲಿ.

ಆ ಹಾದಿಯ ನಡುಮಧ್ಯದಲ್ಲಿ ರಾಮ್‌ಬಾಡಾ ಇತ್ತು. ಚಹಾ, ಪರಾಠ, ಬಾಡಿಗೆ ರಜಾಯಿ, ತಗಡಿನ ಮಾಡಿನ ಸಾಲು ಸಾಲು ಕೊಠಡಿ. ಹತ್ತುವವರೂ ಇಳಿಯುವವರೂ ಅಲ್ಲಿ ಕೂರದೆ ಹೋಗುತ್ತಿರಲಿಲ್ಲ. 2013ರ ಜೂನ್ 16 ಮತ್ತು 17ರಂದು ಭಾರಿ ಮಳೆ ಸುರಿದು, ಚೋರಾಬಾರಿ ಸರೋವರ ಒಡೆದು, ಮಂದಾಕಿನಿ ನದಿ ರಾಮ್‌ಬಾಡಾವನ್ನು ಪೂರ್ತಿಯಾಗಿ ಒಯ್ದಿತು. ಆ ಊರು ಮತ್ತೆ ಎದ್ದಿಲ್ಲ. ಹಾದಿಯನ್ನು ನದಿಯ ಆಚೆ ದಂಡೆಗೆ ಹೊರಳಿಸಿ ಕಟ್ಟಿದರು, 14 ಕಿಲೋಮೀಟರ್ ಇದ್ದದ್ದು 16 ಆಯಿತು. ಅಲ್ಲಿ ಮಲಗಿದ್ದವರು ಅಗ್ಗದ ಕೊಠಡಿ ಹುಡುಕಿಕೊಂಡ ಸಾಮಾನ್ಯ ಜನ, ಅವರಿಗೆ ಚಹಾ ಕೊಡುತ್ತಿದ್ದವರು ಸುತ್ತಲಿನ ಹಳ್ಳಿಗಳ ಹುಡುಗರು. ನಮ್ಮ ಮಾಲೀಕರ ಬಂಧುಗಳೂ ಅವರಲ್ಲಿದ್ದರು. ಆ ವಿಷಯ ಅವರು ಮುಂದುವರಿಸಲಿಲ್ಲ, ನಾನು ಕೆದಕಲಿಲ್ಲ.

ಆದ್ದರಿಂದಲೇ ‘ರಿವರ್ ವ್ಯೂ’ ಎಂದು ಬರೆದ ಬೋರ್ಡು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಢವಾಲದ ಹಳೆಯ ಹಳ್ಳಿಗಳನ್ನು ಗಮನಿಸಿ, ನದಿಯಿಂದ ಎಷ್ಟೋ ಮೇಲೆ, ಗಟ್ಟಿ ಬೆನ್ನಿನ ಮೇಲೆ ಕೂತಿರುತ್ತವೆ. ಎರಡಂತಸ್ತಿನ ಕಲ್ಲುಮನೆ, ಕೆಳಗೆ ದನ, ಮೇಲೆ ಜನ, ಮುಂದೆ ತಿಬಾರಿ ಎಂಬ ಕೆತ್ತನೆಯ ಮರದ ಪಡಸಾಲೆ, ಮಾಡಿಗೆ ಕಲ್ಲಿನ ಹಲಗೆ. ಹೊಸ ಹೋಟೆಲುಗಳು ನದಿಯ ಹೊಟ್ಟೆಗೇ ಇಳಿದಿವೆ, ಇಲ್ಲವೇ ಹಳೆಯ ಕುಸಿತದ ಮಣ್ಣಿನ ಮೇಲೆ ಐದಾರು ಅಂತಸ್ತು ಎದ್ದಿವೆ. ಜೋಶಿಮಠ ನಿಂತಿರುವುದೇ ಅಂಥ ಮಣ್ಣಿನ ಮೇಲೆ, ಭಾರಿ ಕಟ್ಟಡ ಬೇಡ ಎಂದು ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. 2023ರ ಜನವರಿಯಲ್ಲಿ ಅಲ್ಲಿ ಎರಡು ಬಹುಮಹಡಿ ಹೋಟೆಲುಗಳು ಒಂದರ ಮೇಲೊಂದು ವಾಲಿಕೊಂಡು, ಕೆಡವದೆ ಬೇರೆ ದಾರಿಯೇ ಉಳಿಯಲಿಲ್ಲ.

ಹೋಗುವವರಿಗೆ ನನ್ನ ಒತ್ತಾಯ ಇಷ್ಟು. ಕೊಠಡಿ ನೋಡುವ ಮೊದಲು ಕಟ್ಟಡದ ಹಿಂದಕ್ಕೆ ಹೋಗಿ ನೋಡಿ. ಗಧೇರಾ, ಅಂದರೆ ಇಳಿಜಾರಿನ ಹಳ್ಳ, ಅಲ್ಲಿದ್ದರೆ ಬೇರೆ ಜಾಗ ಹುಡುಕಿ, ಈಗ ಒಣಗಿದ್ದರೂ ಸರಿ. ಮಳೆಗಾಲ ಬೇಡವೇ ಬೇಡ. 1998ರ ಆಗಸ್ಟ್, 2012ರ ಸೆಪ್ಟೆಂಬರ್‌ಗಳಲ್ಲಿ ಊಖೀಮಠದ ಸುತ್ತಲಿನ ಹಳ್ಳಿಗಳ ಮೇಲೆ ಗುಡ್ಡವೇ ಇಳಿದಿತ್ತು. ಚಳಿಗೆಂದು ಕೆಂಡದ ಅಂಗೀಠಿ ತಂದುಕೊಟ್ಟರೆ ಅದನ್ನು ಹೊರಗಿಟ್ಟು ಮಲಗಿ. ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿ ನಿದ್ದೆಯಲ್ಲೇ ಕೊಲ್ಲುತ್ತದೆ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು. ಬಕೆಟ್ ನೀರು ಎಷ್ಟೋ ವಾಸಿ.

ಊಟದ ಬಗ್ಗೆ ಹೇಳದಿದ್ದರೆ ಅನ್ಯಾಯ. ಮಾಲೀಕರ ಮನೆಯಾಕೆ ಮಂಡುವಾ ರೊಟ್ಟಿಗೆ ತುಪ್ಪ ಸವರಿ, ಜಖಿಯಾ ಒಗ್ಗರಣೆ ಹಾಕಿದ ಗಹತ್ ಬೇಳೆ ಬಡಿಸಿದರು. ಮಂಡುವಾ ನಮ್ಮ ರಾಗಿ, ಗಹತ್ ನಮ್ಮ ಹುರುಳಿ. ಹಿಮಾಲಯದ ಬುಡದಲ್ಲಿ ರಾಗಿ ರೊಟ್ಟಿ, ಹುರುಳಿ ಸಾರು ಉಣ್ಣುವ ಸುಖಕ್ಕೆ ಮೈಸೂರು ಸೀಮೆಯವರು ಇಡ್ಲಿ ಸಾಂಬಾರ್ ಕೊಡುವ ಹೋಟೆಲನ್ನು ಹುಡುಕುವುದು ಬಿಡಬೇಕು. ‘ನಿಮ್ಮಲ್ಲೂ ಇದನ್ನು ತಿನ್ನುತ್ತಾರಾ?’ ಎಂದು ಆಕೆ ಕೇಳಿದರು. ಮುದ್ದೆ ಮಾಡುವ ಕ್ರಮ ವಿವರಿಸಿದೆ. ಅಗಿಯದೆ ನುಂಗುವುದು ಎಂದಾಗ ನಂಬಲಿಲ್ಲ.

ಈ ಲಾಡ್ಜಿನ ತಾರಸಿಯಲ್ಲೂ ಮುಂದಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ. ಮಗನಿಗೆ ಮೂರನೆಯ ಮಹಡಿ ಬೇಕು, ಅಟ್ಯಾಚ್ಡ್ ಬಾತ್‌ರೂಮ್ ಇರುವ ಆರು ಕೊಠಡಿ ಬೇಕು. ಯಾತ್ರೆಯ ಎರಡು ತಿಂಗಳಲ್ಲಿ ಸಾಲ ತೀರುತ್ತದೆ ಎಂಬುದು ಅವನ ಲೆಕ್ಕ. ಅಪ್ಪನಿಗೆ ಅನುಮಾನ. ಲಾಡ್ಜಿನ ಹಿಂದೆ ಚಟ್ಟಿಯ ಕಾಲದ ಕಲ್ಲುಗೋಡೆಯ ಎರಡು ಕೋಣೆಗಳು ಹುಲ್ಲು, ಸೌದೆ ತುಂಬಿಕೊಂಡು ಬಿದ್ದಿವೆ. 1999ರ ಚಮೋಲಿ ಭೂಕಂಪದಲ್ಲೂ ಅವು ಬಿರುಕು ಬಿಡಲಿಲ್ಲವಂತೆ. ಅವನ್ನೇ ಸರಿಮಾಡಿ, ಮಂಚ ಹಾಕಿ, ಭಡ್ಡುವಿನಲ್ಲಿ ಬೇಯಿಸಿ ಬಡಿಸಿ, ಮೇಲಕ್ಕೆ ಮಾತ್ರ ಕಟ್ಟಬೇಡಿ ಎಂದು ಅಪ್ಪ ಮಗ ಇಬ್ಬರಿಗೂ ಹೇಳಿದೆ. ಮಗ ನಕ್ಕ. ಮುಂದಿನ ಯಾತ್ರೆಗೆ ಕೇದಾರದ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಓಂಕಾರೇಶ್ವರನ ಸನ್ನಿಧಿಯಲ್ಲಿ ಘೋಷಿಸುತ್ತಾರೆ. ಸಿಮೆಂಟು ತರಿಸುವುದೋ ಬಡಗಿಯನ್ನು ಕರೆಸುವುದೋ, ಅಷ್ಟರೊಳಗೆ ತೀರ್ಮಾನಿಸಬೇಕು ಎಂದು ಅಪ್ಪ ಹೇಳಿದ್ದಾರೆ.