ಹಾಳೆಯ ಲೆಕ್ಕ, ಹಳಬರ ನೆನಪು

ಅಮೆರಿಕದ ಬೇಸ್‌ಬಾಲ್ ಆಟದ ಗತಕಾಲ ಎರಡು ದಾರಿಗಳಲ್ಲಿ ಇಂದಿನವರೆಗೆ ಹರಿದುಬಂದಿದೆ. ಪತ್ರಕರ್ತ ಹೆನ್ರಿ ಚಾಡ್ವಿಕ್ 19ನೆಯ ಶತಮಾನದ ನಡುಭಾಗದಲ್ಲಿ ರೂಢಿಗೆ ತಂದ ‘ಬಾಕ್ಸ್ ಸ್ಕೋರ್’, ಎಂದರೆ ಯಾರು ಎಷ್ಟು ಸಲ ಬ್ಯಾಟ್ ಹಿಡಿದರು, ಎಷ್ಟು ಓಟ ಗಳಿಸಿದರು, ಎಲ್ಲಿ ತಪ್ಪಿದರು ಎಂಬುದನ್ನು ಅಂಗೈಯಗಲದ ಕೋಷ್ಟಕದಲ್ಲಿ ಹಿಡಿದಿಡುವ ಪದ್ಧತಿ, ಮೊದಲನೆಯ ದಾರಿ. ಆಡಿದವರು ದಶಕಗಳ ಬಳಿಕ ತಮ್ಮ ಕಾಲದ ಬಗ್ಗೆ ಹೇಳಿಕೊಂಡ ಕಥೆಗಳು ಎರಡನೆಯದು. ಲೆಕ್ಕವೇ ಸತ್ಯ, ಕಥೆ ಬರಿಯ ಅಲಂಕಾರ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆಯಾದರೂ, ಈ ಆಟದ ಇತಿಹಾಸವನ್ನು ಕೂಲಂಕಷವಾಗಿ ನೋಡಿದರೆ ಕಥೆ ಎಡವಿದಲ್ಲಿ ಲೆಕ್ಕ ತಿದ್ದಿರುವಂತೆಯೇ, ಲೆಕ್ಕ ಕಣ್ಣುಮುಚ್ಚಿಕೊಂಡಲ್ಲಿ ಕಥೆ ಕಾವಲು ಕಾದಿರುವುದೂ ಕಾಣುತ್ತದೆ.

ಆಟದ ಸ್ವರೂಪ ಸರಳವಾದುದು. ತಂಡಕ್ಕೆ ಒಂಬತ್ತು ಮಂದಿ, ಪಂದ್ಯಕ್ಕೆ ಒಂಬತ್ತು ಇನಿಂಗ್ಸ್. ‘ಪಿಚರ್’ ಎಸೆದ ಚೆಂಡನ್ನು ಹೊಡೆದವನು ಮೂರು ‘ಬೇಸ್’ಗಳನ್ನು ದಾಟಿ, ಹೊರಟಲ್ಲಿಗೇ ಮರಳಿದರೆ ಒಂದು ಓಟ. ಒಂದೇ ಹೊಡೆತದಲ್ಲಿ ಮೂರನೆಯ ಬೇಸ್ ಮುಟ್ಟಿದರೆ ಅದು ‘ಟ್ರಿಪಲ್’, ಸುತ್ತು ಪೂರ್ತಿಯಾದರೆ ‘ಹೋಮ್ ರನ್’. ನ್ಯಾಷನಲ್ ಮತ್ತು ಅಮೆರಿಕನ್ ಎಂಬ ಎರಡು ಲೀಗ್‌ಗಳ ವಿಜೇತರ ನಡುವಿನ ವಾರ್ಷಿಕ ಹಣಾಹಣಿಯಾದ ‘ವರ್ಲ್ಡ್ ಸೀರೀಸ್’ 1903ರಲ್ಲಿ ಆರಂಭವಾಯಿತು.

ಹಳಬರ ನೆನಪುಗಳನ್ನು ವ್ಯವಸ್ಥಿತವಾಗಿ ಸಂಗ್ರಹಿಸಿದ ಕೀರ್ತಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಲಾರೆನ್ಸ್ ರಿಟ್ಟರ್ ಅವರಿಗೆ ಸಲ್ಲುತ್ತದೆ. 1961ರಲ್ಲಿ ಮಹಾನ್ ಆಟಗಾರ ಟೈ ಕಾಬ್ ತೀರಿಕೊಂಡಾಗ, ಆ ತಲೆಮಾರಿನ ಉಳಿದವರೂ ಹೇಳಬೇಕಾದುದನ್ನು ಹೇಳದೆಯೇ ಮರೆಯಾಗಿಬಿಡುತ್ತಾರೆಂದು ಮನಗಂಡ ರಿಟ್ಟರ್, ಟೇಪ್ ರೆಕಾರ್ಡರ್ ಹಿಡಿದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 75,000 ಮೈಲಿ ಸುತ್ತಿ, 22 ಆಟಗಾರರ ಮಾತುಗಳನ್ನು 1966ರಲ್ಲಿ ‘ದಿ ಗ್ಲೋರಿ ಆಫ್ ದೇರ್ ಟೈಮ್ಸ್’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಅದರಲ್ಲಿ ಪ್ರಶ್ನೆಗಳಿಲ್ಲ, ಪ್ರತಿಯೊಬ್ಬರೂ ತಮ್ಮ ಕಥೆಯನ್ನು ತಮ್ಮದೇ ದನಿಯಲ್ಲಿ ಹೇಳಿಕೊಳ್ಳುತ್ತಾರೆ. ಹುಡುಕಾಟವೂ ಸುಲಭದ್ದಾಗಿರಲಿಲ್ಲ. 309 ಟ್ರಿಪಲ್‌ಗಳ, ಇಂದಿಗೂ ಯಾರೂ ಮುರಿಯದ ದಾಖಲೆಯ ಒಡೆಯ ಸ್ಯಾಮ್ ಕ್ರಾಫರ್ಡ್ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನಲ್ಲಿ ಅಜ್ಞಾತರಂತೆ ಬದುಕಿದ್ದರು. ಅವರ ವಿಳಾಸ ಸಿಗದೆ ಅಲೆದ ರಿಟ್ಟರ್, ಬಟ್ಟೆ ಒಗೆಯುವ ಅಂಗಡಿಯಲ್ಲಿ ಕುಳಿತಿದ್ದ ಮುದುಕರೊಬ್ಬರನ್ನು ವಿಚಾರಿಸಿದಾಗ, ಆ ಮುದುಕರೇ ಕ್ರಾಫರ್ಡ್ ಎಂಬುದು ತಿಳಿದುಬಂದಿತು.

ಇಂಥ ನೆನಪುಗಳಿಂದ ಆಗುವ ಪ್ರಯೋಜನಕ್ಕೆ 1912ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಫೆನ್ವೇ ಪಾರ್ಕ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್ ಪಂದ್ಯವೇ ಸಾಕ್ಷಿ. ನ್ಯೂಯಾರ್ಕ್ ಜಯಂಟ್ಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ತಲಾ ಮೂರು ಪಂದ್ಯ ಗೆದ್ದಿದ್ದವು. ಒಂದು ಪಂದ್ಯ ಕತ್ತಲಾದ ಕಾರಣ ಸಮವಾಗಿ ನಿಂತಿತ್ತು. ಆದ್ದರಿಂದ ಇದು ಎಂಟನೆಯ, ನಿರ್ಣಾಯಕ ಪಂದ್ಯವಾಗಿತ್ತು. ಹತ್ತನೆಯ ಇನಿಂಗ್ಸ್‌ನ ಮೊದಲರ್ಧದಲ್ಲಿ ನ್ಯೂಯಾರ್ಕ್ 2-1ರ ಮುನ್ನಡೆ ಪಡೆದ ಬಳಿಕ, ಬಾಸ್ಟನ್ನಿನ ಮೊದಲ ಬ್ಯಾಟರ್ ಎತ್ತರಕ್ಕೆ ಹೊಡೆದ ಸುಲಭದ ಚೆಂಡನ್ನು ನಡುಮೈದಾನದ ಫ್ರೆಡ್ ಸ್ನಾಡ್‌ಗ್ರಾಸ್ ಕೈಚೆಲ್ಲಿದರು. ಮರುಗಳಿಗೆಯಲ್ಲೇ ಹ್ಯಾರಿ ಹೂಪರ್ ಬಾರಿಸಿದ ಪ್ರಬಲ ಹೊಡೆತವನ್ನು ಅದೇ ಸ್ನಾಡ್‌ಗ್ರಾಸ್ ಓಡೋಡುತ್ತ ಅದ್ಭುತವಾಗಿ ಹಿಡಿದರು. ಅನಂತರ ಟ್ರಿಸ್ ಸ್ಪೀಕರ್ ಹೊಡೆದ ‘ಫೌಲ್’ ಚೆಂಡು, ಎಂದರೆ ಆಟದ ಗೆರೆಯಾಚೆ ಮೇಲೇರಿದ ಹೊಡೆತ, ಮೂವರು ನ್ಯೂಯಾರ್ಕ್ ಆಟಗಾರರ ನಡುವೆ ಯಾರೂ ಮುಟ್ಟದೆ ನೆಲಕ್ಕೆ ಬಿತ್ತು. ಜೀವದಾನ ಪಡೆದ ಸ್ಪೀಕರ್ ಪಂದ್ಯವನ್ನು ಸಮಗೊಳಿಸಿದರು. ಸ್ವಲ್ಪ ಹೊತ್ತಿನಲ್ಲೇ ಬಾಸ್ಟನ್ 3-2ರಿಂದ ಗೆದ್ದಿತು.

ಬಾಕ್ಸ್ ಸ್ಕೋರ್ ಈ ಸರಣಿಯನ್ನು ಹೇಗೆ ಕಂಡಿತೆಂಬುದು ಗಮನಾರ್ಹ. ಕೈಚೆಲ್ಲಿದ ಚೆಂಡು ಸ್ನಾಡ್‌ಗ್ರಾಸ್ ಹೆಸರಿನ ಮುಂದೆ ‘ತಪ್ಪು’ ಎಂದು ದಾಖಲಾಯಿತು. ಅದ್ಭುತ ಹಿಡಿತ ಇತರ ಹತ್ತಾರು ಹಿಡಿತಗಳಂತೆ ಒಂದು ಅಂಕಿಯಲ್ಲಿ ಕರಗಿಹೋಯಿತು. ಯಾರೂ ಮುಟ್ಟದೆ ಬಿದ್ದ ಫೌಲ್ ಚೆಂಡಿಗಂತೂ ಕೋಷ್ಟಕದಲ್ಲಿ ಜಾಗವೇ ಇರಲಿಲ್ಲ. ಸೋಲಿನ ಹೊಣೆಯೆಲ್ಲ ಒಬ್ಬನ ತಲೆಗೆ ಬಂದು, ಅದಕ್ಕೆ ‘30,000 ಡಾಲರ್‌ಗಳ ತಪ್ಪು’ ಎಂಬ ಹೆಸರೂ ಅಂಟಿತು. ಸ್ನಾಡ್‌ಗ್ರಾಸ್ ಮುಂದೆ ಬ್ಯಾಂಕ್ ಅಧಿಕಾರಿಯಾಗಿ, ಆಕ್ಸ್‌ನಾರ್ಡ್ ನಗರದ ಮೇಯರ್ ಆಗಿ ಬಾಳಿದರೂ, 1974ರಲ್ಲಿ ಅವರು ನಿಧನರಾದಾಗ ‘ನ್ಯೂಯಾರ್ಕ್ ಟೈಮ್ಸ್’ ತನ್ನ ಶೀರ್ಷಿಕೆಯಲ್ಲಿ ನೆನೆದದ್ದು 62 ವರ್ಷಗಳ ಹಿಂದೆ ಕೈಜಾರಿದ ಆ ಚೆಂಡನ್ನೇ. ರಿಟ್ಟರ್ ಅವರ ಗ್ರಂಥದಲ್ಲಿ ಸ್ನಾಡ್‌ಗ್ರಾಸ್, ಹೂಪರ್, ಬಾಸ್ಟನ್ನಿನ ಪಿಚರ್ ಜೋ ವುಡ್, ಫೌಲ್ ಚೆಂಡಿನ ಹತ್ತಿರವಿದ್ದ ನ್ಯೂಯಾರ್ಕ್‌ನ ಚೀಫ್ ಮೇಯರ್ಸ್ ನಾಲ್ವರೂ ಇರುವುದರಿಂದ, ಓದುಗರಿಗೆ ಆ ಇನಿಂಗ್ಸ್ ಒಂದಕ್ಷರದ ಆರೋಪವಾಗಿ ಉಳಿಯದೆ, ಹಲವರ ಪಾಲಿರುವ ಘಟನೆಯಾಗಿ ತೆರೆದುಕೊಳ್ಳುತ್ತದೆ.

ಹಾಗೆಂದು ನೆನಪನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1912ರಲ್ಲಿ ಸತತ 19 ಪಂದ್ಯ ಗೆದ್ದ ಪಿಚರ್ ರೂಬ್ ಮಾರ್ಕ್ವಾರ್ಡ್ ಹದಿಹರೆಯದಲ್ಲೇ ಮನೆಬಿಟ್ಟು ಗೂಡ್ಸ್ ರೈಲು ಹತ್ತಿ ಹೋದ ಕಥೆಯನ್ನು ಅದೇ ಗ್ರಂಥದಲ್ಲಿ ಸ್ವಾರಸ್ಯವಾಗಿ ಹೇಳಿದ್ದಾರೆ. ಆದರೆ ಅವರು ಬಹುಕಾಲ ಹೇಳಿಕೊಂಡು ಬಂದಂತೆ 1889ರಲ್ಲಿ ಹುಟ್ಟಿದವರಲ್ಲ, 1886ರಲ್ಲಿ ಹುಟ್ಟಿದವರೆಂದು ಸಂಶೋಧಕರು ಆಮೇಲೆ ಕಂಡುಕೊಂಡರು. 1932ರ ವರ್ಲ್ಡ್ ಸೀರೀಸ್‌ನಲ್ಲಿ ಬೇಬ್ ರೂತ್ ತಾನು ಹೋಮ್ ರನ್ ಹೊಡೆಯಲಿರುವ ದಿಕ್ಕನ್ನು ಮೊದಲೇ ಬೆರಳು ತೋರಿ, ಅಲ್ಲಿಗೇ ಚೆಂಡಟ್ಟಿದರೆಂಬ ಕಥೆಯನ್ನು, ಎದುರಿಗೆ ನಿಂತು ಚೆಂಡೆಸೆದ ಚಾರ್ಲಿ ರೂಟ್ ಕೊನೆಯವರೆಗೂ ಅಲ್ಲಗಳೆದರು. ಬೇಸ್‌ಬಾಲ್‌ನ ಗೌರವಮಂದಿರವಾದ ‘ಹಾಲ್ ಆಫ್ ಫೇಮ್’ 1939ರಲ್ಲಿ ಕೂಪರ್ಸ್‌ಟೌನ್‌ನಲ್ಲಿ ತೆರೆದದ್ದಕ್ಕೂ ಒಬ್ಬ ವೃದ್ಧರ ನೆನಪೇ ಆಧಾರ: 1839ರಲ್ಲಿ ಆ ಊರಿನಲ್ಲಿ ಅಬ್ನರ್ ಡಬಲ್‌ಡೇ ಈ ಆಟವನ್ನು ಕಂಡುಹಿಡಿದರೆಂದು ಅವರು ಹೇಳಿದ್ದರು, ಆದರೆ ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿದ್ದರು.

ಲೆಕ್ಕದ ಮಿತಿ ಇನ್ನೂ ಗಂಭೀರವಾದುದು, ಏಕೆಂದರೆ ಯಾರ ಲೆಕ್ಕ ಇಡಬೇಕೆಂಬುದನ್ನೇ ವರ್ಣಭೇದ ನಿರ್ಧರಿಸಿತ್ತು. 1880ರ ದಶಕದಿಂದ 1947ರಲ್ಲಿ ಜಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ, ಅಲಿಖಿತ ಒಪ್ಪಂದವೊಂದು ಕಪ್ಪು ಆಟಗಾರರನ್ನು ಪ್ರಮುಖ ಲೀಗ್‌ಗಳಿಂದ ಹೊರಗಿಟ್ಟಿತು. ಅವರು ತಮ್ಮದೇ ತಂಡಗಳನ್ನು ಕಟ್ಟಿಕೊಂಡರು. 1920ರಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳುತನದಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. ಈ ಪಂದ್ಯಗಳ ವರದಿ ಬಹುಮಟ್ಟಿಗೆ ‘ಪಿಟ್ಸ್‌ಬರ್ಗ್ ಕುರಿಯರ್’, ‘ಶಿಕಾಗೊ ಡಿಫೆಂಡರ್’ನಂಥ ಕಪ್ಪು ಸಮುದಾಯದ ಪತ್ರಿಕೆಗಳಲ್ಲಷ್ಟೇ ಬರುತ್ತಿದ್ದುದರಿಂದ, ಅಧಿಕೃತ ದಾಖಲೆಯ ಮಟ್ಟಿಗೆ ಆ ಆಟಗಾರರು ಇರಲೇ ಇಲ್ಲ.

ಅವರನ್ನು ಉಳಿಸಿದ್ದು ಮಾತು. ಕೂಲ್ ಪಾಪಾ ಬೆಲ್ ಎಷ್ಟು ಚುರುಕೆಂದರೆ, ದೀಪ ಆರಿಸಿ ಕೋಣೆ ಕತ್ತಲಾಗುವಷ್ಟರಲ್ಲಿ ಹಾಸಿಗೆ ಸೇರಿಬಿಡುತ್ತಿದ್ದ ಎಂದು ಪಿಚರ್ ಸ್ಯಾಚೆಲ್ ಪೇಜ್ ಹೇಳಿ ನಗಿಸುತ್ತಿದ್ದರು. ಅತಿಶಯೋಕ್ತಿಯಾದರೂ, ಲೆಕ್ಕಪತ್ರವಿಲ್ಲದವನ ವೇಗವನ್ನು ಜನಮನದಲ್ಲಿ ನಿಲ್ಲಿಸಿದ್ದು ಆ ನಗೆಯೇ. ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಬಕ್ ಓನೀಲ್, ಕೆನ್ ಬರ್ನ್ಸ್ ಅವರ 1994ರ ‘ಬೇಸ್‌ಬಾಲ್’ ಸಾಕ್ಷ್ಯಚಿತ್ರ ಸರಣಿಯ ಮೂಲಕ ಈ ಕಥೆಗಳನ್ನು ಮನೆಮನೆಗೆ ಮುಟ್ಟಿಸಿದರು. 2006ರಲ್ಲಿ ವಿಶೇಷ ಸಮಿತಿಯೊಂದು ಕಪ್ಪು ಬೇಸ್‌ಬಾಲ್‌ಗೆ ಸೇರಿದ 17 ಮಂದಿಯನ್ನು ಹಾಲ್ ಆಫ್ ಫೇಮ್‌ಗೆ ಆರಿಸಿ ಓನೀಲ್ ಅವರನ್ನು ಕೈಬಿಟ್ಟರೂ, ಅವರು ಆ ಸಮಾರಂಭಕ್ಕೆ ಹೋಗಿ ಆಯ್ಕೆಯಾದವರ ಪರವಾಗಿ ಮಾತನಾಡಿದರು; ಅದೇ ವರ್ಷ ತೀರಿಕೊಂಡ ಅವರಿಗೆ ಆ ಗೌರವ ಸಂದದ್ದು 2022ರಲ್ಲಿ.

ಹಳಬರು ಹಾಡಿ ಹೊಗಳಿದ ಹೆಸರುಗಳಲ್ಲಿ ಜಾಶ್ ಗಿಬ್ಸನ್ ಅವರದು ದೊಡ್ಡದು. ರಾಬಿನ್ಸನ್ ಪ್ರವೇಶಕ್ಕೆ ಮೂರು ತಿಂಗಳಿರುವಾಗ, 35ನೆಯ ವಯಸ್ಸಿನಲ್ಲಿ ಅವರು ಅಸುನೀಗಿದರು. ಸಂಶೋಧಕರು ಹಳೆಯ ಪತ್ರಿಕೆಗಳಿಂದ ಹೆಕ್ಕಿ ತೆಗೆದ ಬಾಕ್ಸ್ ಸ್ಕೋರ್‌ಗಳನ್ನು ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 2024ರ ಮೇ ತಿಂಗಳಲ್ಲಿ ತನ್ನ ದಾಖಲೆಗೆ ಸೇರಿಸಿಕೊಂಡಾಗ, ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ, ಎಂದರೆ ಬ್ಯಾಟ್ ಹಿಡಿದ ಸಾವಿರ ಸರದಿಗಳಿಗೆ ಲೆಕ್ಕಹಾಕಿದ ಯಶಸ್ವೀ ಹೊಡೆತಗಳಲ್ಲಿ, ಗಿಬ್ಸನ್ 372ರೊಂದಿಗೆ ಕಾಬ್ ಅವರ 367ನ್ನು ಹಿಂದಿಕ್ಕಿದರು. ಅದೇ ದಾಖಲೆ ದಂತಕಥೆಯನ್ನು ತಿದ್ದಿತು ಕೂಡ: ಹಾಲ್ ಆಫ್ ಫೇಮ್‌ನ ಫಲಕ ಅವರಿಗೆ 800ರ ಸಮೀಪದ ಹೋಮ್ ರನ್‌ಗಳನ್ನು ಕೊಟ್ಟಿದ್ದರೆ, ಊರೂರಿನ ಪ್ರದರ್ಶನ ಪಂದ್ಯಗಳನ್ನು ಬಿಟ್ಟು ಲೀಗ್ ಪಂದ್ಯಗಳನ್ನಷ್ಟೇ ಎಣಿಸಿದ ಲೆಕ್ಕದಲ್ಲಿ ಆ ಸಂಖ್ಯೆ 200ಕ್ಕೂ ಕಡಿಮೆಯಾಯಿತು. ಹೀಗೆ ಹಳಬರ ನೆನಪು ಅಂಕಿಯನ್ನು ಹಿಗ್ಗಿಸಿದ್ದು ನಿಜವಾದರೂ, ಗಿಬ್ಸನ್ ಯಾರಿಗೂ ಕಡಿಮೆಯಲ್ಲದ ಬ್ಯಾಟರ್ ಎಂಬ ಅದರ ತೀರ್ಪನ್ನು ದಾಖಲೆ ಕೊನೆಗೂ ಎತ್ತಿಹಿಡಿದಿದೆ. ಆ ಲೀಗ್‌ಗಳ ಲೆಕ್ಕ ಇನ್ನೂ ಅಪೂರ್ಣವಾಗಿರುವುದರಿಂದ, ಹಳೆಯ ಪತ್ರಿಕೆಗಳಲ್ಲಿ ಮತ್ತಷ್ಟು ಪಂದ್ಯಗಳು ಪತ್ತೆಯಾದಂತೆ ಈ ಅಂಕಿಗಳೂ ಬದಲಾಗುತ್ತವೆ.