ಇರುಳ ಕಡಲತೀರದಲ್ಲಿ ಲೋಹಶೋಧ: ನೀರಿನ ಲೆಕ್ಕ ತಪ್ಪದಿರಲಿ

ಕೈಯಲ್ಲಿ ಲೋಹಶೋಧಕ, ಕಿವಿಗೆ ಹೆಡ್‌ಫೋನ್, ಸೊಂಟದಲ್ಲೊಂದು ಪುಟ್ಟ ಸಲಿಕೆ. ಬ್ರಿಟನ್ನಿನ ಕಡಲತೀರಗಳಲ್ಲಿ ಹೀಗೆ ಮರಳನ್ನು ಅಂಗುಲ ಅಂಗುಲವಾಗಿ ಜಾಲಾಡುತ್ತಾ ಸಾಗುವವರು ಅಪರೂಪವೇನಲ್ಲ. ಪ್ರವಾಸಿಗರು ಕಳೆದುಕೊಂಡ ಉಂಗುರ, ಹಳೆಯ ನಾಣ್ಯ, ಒಡೆದ ಹಡಗಿನಿಂದ ತೇಲಿಬಂದ ಲೋಹದ ಚೂರು ಹೀಗೆ ಏನಾದರೊಂದು ಸಿಕ್ಕೀತೆಂಬ ನಿರೀಕ್ಷೆ ಅವರದು. ಈ ಹವ್ಯಾಸಿಗಳಲ್ಲಿ ಅನೇಕರು ಹುಡುಕಾಟಕ್ಕೆ ಆರಿಸಿಕೊಳ್ಳುವುದು ರಾತ್ರಿಯ ವೇಳೆಯನ್ನು. ನೆಲದ ಮೇಲೆ ಕತ್ತಲೆಂದರೆ ಬರಿಯ ಅನನುಕೂಲ. ಆದರೆ ಸಮುದ್ರದಂಚಿನಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು. ಅಲ್ಲಿನ ಅಪಾಯಗಳಲ್ಲಿ ಹೆಚ್ಚಿನವು ಲೆಕ್ಕಕ್ಕೆ ಸಿಗುವಂಥವು. ಆ ಲೆಕ್ಕವನ್ನು ಹೊರಡುವ ಮುನ್ನವೇ ಹಾಕಿಕೊಳ್ಳಬೇಕಾದುದು ಮುಖ್ಯ.

ರಾತ್ರಿಯೇ ಏಕೆ?

ಹಗಲಿನಲ್ಲಿ ತೀರದ ತುಂಬ ಜನ. ಅವರು ಚಾಪೆ ಹಾಸಿ ಕುಳಿತ ಜಾಗದಲ್ಲೇ ಕಳೆದುಹೋದ ವಸ್ತುಗಳು ಹೆಚ್ಚು. ಜನ ಚದುರಿದ ಮೇಲಷ್ಟೇ ಅಲ್ಲಿ ಶೋಧ ಸಾಧ್ಯ. ಇನ್ನೊಂದು ಕಾರಣ ಸಮುದ್ರದ್ದೇ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದುಗೂಡಿ ಉಬ್ಬರ ಬಹಳ ಎತ್ತರಕ್ಕೇರುತ್ತದೆ. ಇಳಿತವೂ ಅಷ್ಟೇ ಆಳಕ್ಕಿಳಿಯುತ್ತದೆ. ಉಳಿದ ದಿನಗಳಲ್ಲಿ ನೀರಿನಡಿ ಇರುವ ಮರಳು ಆಗ ಕೆಲವು ಗಂಟೆಗಳ ಕಾಲ ಬಯಲಾಗುತ್ತದೆ. ವಾಯವ್ಯ ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯಲ್ಲಿ ಇಂಥ ದೊಡ್ಡ ಉಬ್ಬರ ಬರುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿಯ ಸುಮಾರಿಗೆ. ಅಂದರೆ ದೊಡ್ಡ ಇಳಿತ ಬೆಳಗ್ಗೆ ಹಾಗೂ ಸಂಜೆ ಆರರ ಆಸುಪಾಸಿಗೆ ಬೀಳುತ್ತದೆ. ಚಳಿಗಾಲದಲ್ಲಿ ಅಲ್ಲಿ ಈ ಎರಡೂ ಹೊತ್ತು ಕತ್ತಲೆಯೇ.

ಹನ್ನೆರಡರ ಲೆಕ್ಕ

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಹೀಗಾಗಿ ನಿನ್ನೆಯ ವೇಳೆ ಇಂದಿಗೆ ಸಲ್ಲದು. ದಿನವೊಂದಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಏರುವ ವೇಗವೂ ಒಂದೇ ಸಮನಲ್ಲ. ನಾವಿಕರು ಬಳಸುವ ಸರಳ ಸೂತ್ರವೊಂದಿದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಏರುವುದು ಒಂದು ಪಾಲು, ಎರಡನೆಯ ಗಂಟೆಯಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಅಂದರೆ ನಡುವಣ ಎರಡೇ ಗಂಟೆಗಳಲ್ಲಿ ಒಟ್ಟು ನೀರಿನ ಅರ್ಧದಷ್ಟು ಒಳನುಗ್ಗುತ್ತದೆ.

ಉಬ್ಬರ ಇಳಿತಗಳ ಅಂತರ 9 ಮೀಟರ್ ಇರುವ ದಿನವನ್ನು ತೆಗೆದುಕೊಳ್ಳೋಣ. ಮೊದಲ ಗಂಟೆಯಲ್ಲಿ ನೀರು ಏರುವುದು ಮುಕ್ಕಾಲು ಮೀಟರ್ ಮಾತ್ರ. ಇನ್ನೂ ಬೇಕಾದಷ್ಟು ಸಮಯವಿದೆಯೆಂಬ ಭ್ರಮೆ ಹುಟ್ಟುವುದು ಆಗಲೇ. ಮೂರನೆಯ ಗಂಟೆಯಲ್ಲಿ ಏರಿಕೆ 2.25 ಮೀಟರ್. 500 ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಚಪ್ಪಟೆ ಮರಳಿನಲ್ಲಿ ಆ ಒಂದು ಗಂಟೆಗೆ ನೀರು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಮುಂದೊತ್ತಿ ಬರುತ್ತದೆ. ನಡೆಯುವವನು ಇದಕ್ಕಿಂತ ಬೇಗ ಹೋಗಬಲ್ಲನೆಂಬುದು ನಿಜ. ಆದರೆ ಕಡಲತಳ ಸಮನಾದ ಇಳಿಜಾರಲ್ಲ. ಅದರಲ್ಲಿ ದಿಬ್ಬಗಳೂ ತೋಡುಗಳೂ ಇವೆ. ನೀರು ಮೊದಲು ತುಂಬುವುದು ತೋಡುಗಳನ್ನು. ದಿಬ್ಬದ ಮೇಲೆ ನಿಂತು ಸಮುದ್ರದ ಕಡೆಗೆ ನೋಡುತ್ತಿರುವವನಿಗೆ ಅಲೆಗಳು ಇನ್ನೂ ದೂರದಲ್ಲಿರುವಂತೆಯೇ ಕಾಣುತ್ತದೆ. ಅಷ್ಟರಲ್ಲಿ ಬೆನ್ನ ಹಿಂದಿನ ತೋಡು ತುಂಬಿ ದಡದ ದಾರಿ ಮುಚ್ಚಿರುತ್ತದೆ. ಹಗಲಿನಲ್ಲಾದರೆ ನೀರಿನ ಹೊಳಪು ಕಣ್ಣಿಗೆ ಬಿದ್ದೀತು. ಇರುಳಿನಲ್ಲಿ ಅದೂ ಇಲ್ಲ.

2004ರ ಫೆಬ್ರವರಿ 5ರ ರಾತ್ರಿ ಮೋರ್ಕಂಬ್ ಕೊಲ್ಲಿಯಲ್ಲಿ ಸಂಭವಿಸಿದ್ದು ಇದೇ. ಕತ್ತಲಲ್ಲಿ ಚಿಪ್ಪುಮೀನು ಆಯುತ್ತಿದ್ದ ಚೀನೀ ಕಾರ್ಮಿಕರ ಗುಂಪೊಂದು ಏರುತ್ತಿದ್ದ ನೀರಿನ ನಡುವೆ ಸಿಲುಕಿ, ಕನಿಷ್ಠ 21 ಮಂದಿ ಪ್ರಾಣ ಕಳೆದುಕೊಂಡರು. ಅವರು ಹವ್ಯಾಸಿಗಳಲ್ಲ, ಹೊಟ್ಟೆಪಾಡಿಗಾಗಿ ಬಂದವರು. ಆ ಮರಳಿನ ಪರಿಚಯವಿಲ್ಲದವರನ್ನು ಅಲ್ಲಿಗೆ ದುಡಿಯಲು ಕಳುಹಿಸಿದವನಿಗೆ 2006ರಲ್ಲಿ ಜೈಲು ಶಿಕ್ಷೆಯಾಯಿತು. ಕಾರ್ಮಿಕರನ್ನು ಒದಗಿಸುವ ಮೇಸ್ತ್ರಿಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾನೂನು 2004ರಲ್ಲೇ ಬಂತು. ಇದೇ ಕೊಲ್ಲಿಯನ್ನು ಕಾಲ್ನಡಿಗೆಯಲ್ಲಿ ದಾಟಿಸಲು ಹದಿನಾರನೆಯ ಶತಮಾನದಿಂದಲೂ ರಾಜಮನೆತನದ ಹೆಸರಿನಲ್ಲಿ ಮಾರ್ಗದರ್ಶಕರೊಬ್ಬರನ್ನು ನೇಮಿಸುತ್ತಾ ಬರಲಾಗಿದೆ. ಸೆಡ್ರಿಕ್ ರಾಬಿನ್‌ಸನ್ 1963ರಿಂದ 2019ರವರೆಗೆ ಆ ಹೊಣೆ ಹೊತ್ತಿದ್ದರು. ತೋಡುಗಳೂ ಹುದುಲುಗಳೂ ಜಾಗ ಬದಲಿಸುತ್ತಲೇ ಇರುವುದರಿಂದ ಪ್ರತಿ ನಡಿಗೆಗೂ ಮುನ್ನ ದಾರಿಯನ್ನು ಹೊಸದಾಗಿ ಪರೀಕ್ಷಿಸಿ ಗುರುತು ನೆಡುವುದು ಅಲ್ಲಿನ ಪದ್ಧತಿ.

ಹೊರಡುವ ಮುನ್ನ

ಉಬ್ಬರವಿಳಿತದ ಪಟ್ಟಿಯನ್ನು ನೋಡುವಾಗ ಗಡಿಯಾರದ ತೊಡಕೊಂದನ್ನು ಮರೆಯಬಾರದು. ಬ್ರಿಟನ್ನಿನಲ್ಲಿ ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡಲಾಗುತ್ತದೆ. ಆದರೆ ಅನೇಕ ಮುದ್ರಿತ ಪಟ್ಟಿಗಳು ವರ್ಷವಿಡೀ ಗ್ರೀನಿಚ್ ವೇಳೆಯನ್ನೇ ಕೊಡುತ್ತವೆ. ಇಂಥ ಪಟ್ಟಿಗೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಪಟ್ಟಿಯಲ್ಲಿರುವುದು ಸೂರ್ಯಚಂದ್ರರ ಲೆಕ್ಕ. ಹವಾಮಾನದ ಲೆಕ್ಕವಲ್ಲ ಎಂಬುದೂ ನೆನಪಿರಬೇಕು. ವಾಯುಭಾರ ಒಂದು ಮಿಲಿಬಾರ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ದಡದತ್ತ ಬಲವಾದ ಗಾಳಿ ಬೀಸುತ್ತಿದ್ದರೆ ನೀರು ಪಟ್ಟಿ ಹೇಳಿದುದಕ್ಕಿಂತ ಮೇಲಕ್ಕೆ ಬರಬಹುದು.

ಇಳಿಯುವ ನೀರಿನ ಹಿಂದೆ ಹಿಂದೆಯೇ ಕೆಳಗೆ ಹೋಗಿ, ಇಳಿತದ ತುದಿಯ ವೇಳೆಗೆ ದಡದತ್ತ ತಿರುಗುವುದು ಸುರಕ್ಷಿತ ಕ್ರಮ. ಆ ವೇಳೆಗೆ ಕೈಗಡಿಯಾರದಲ್ಲಿ ಅಲಾರಂ ಇಟ್ಟುಕೊಳ್ಳಬೇಕು. ಒಳ್ಳೆಯ ಸದ್ದು ಕೇಳಿದ ಜಾಗವನ್ನು ಬಿಟ್ಟುಬರಲು ಯಾರಿಗೂ ಮನಸ್ಸಾಗದು. ಆದ್ದರಿಂದ ಹಿಂತಿರುಗುವ ತೀರ್ಮಾನವನ್ನು ಸ್ಥಳದಲ್ಲಿ ಕೈಗೊಳ್ಳದೆ ಮನೆಯಲ್ಲೇ ಕೈಗೊಳ್ಳುವುದು ಲೇಸು. ಸ್ಥಳವನ್ನು ಹಗಲಿನಲ್ಲಿ ಒಮ್ಮೆ ಇಳಿತದ ವೇಳೆ ಕಣ್ಣಾರೆ ನೋಡಿರಬೇಕು. ಒಂಟಿಯಾಗಿ ಹೋಗಬಾರದು. ಎಲ್ಲಿಗೆ ಹೋಗುವುದು, ಎಷ್ಟು ಹೊತ್ತಿಗೆ ಮರಳುವುದು, ಮರಳದಿದ್ದರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ದಡದಲ್ಲಿರುವ ಯಾರಿಗಾದರೂ ತಿಳಿಸಿರಬೇಕು. ಫೋನನ್ನು ನೀರು ತಾಗದ ಚೀಲದಲ್ಲಿಟ್ಟು ಮೈಮೇಲೆಯೇ ಧರಿಸಬೇಕು.

ಕಣ್ಣು ಮತ್ತು ಕಿವಿ

ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಲೋಹದ ಸಣ್ಣ ಸದ್ದನ್ನೇನೋ ಚೆನ್ನಾಗಿ ಕೇಳಿಸುತ್ತದೆ. ಆದರೆ ಅಲೆಯ ಮೊರೆತವನ್ನೂ ಜೊತೆಗಾರನ ಕೂಗನ್ನೂ ಅಡಗಿಸುತ್ತದೆ. ಒಂದು ಕಿವಿಯನ್ನಾದರೂ ತೆರೆದಿಡಬೇಕು. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಹಿಡಿಯುತ್ತದೆ. ಪ್ರಖರವಾದ ಬಿಳಿ ಬೆಳಕು ಆ ಶಕ್ತಿಯನ್ನು ಕ್ಷಣದಲ್ಲಿ ಕಳೆಯುತ್ತದೆ. ಬೆಳಕಿನ ವೃತ್ತದಾಚೆ ಏನೂ ಕಾಣದಂತಾಗುತ್ತದೆ. ಹಣೆಗೆ ಕಟ್ಟುವ ಟಾರ್ಚಿನಲ್ಲಿ ಕೆಂಪು ಬೆಳಕಿದ್ದರೆ ಅಗೆಯುವ ಕೆಲಸಕ್ಕೆ ಅದೇ ಸಾಕು. ಬಿಳಿ ಬೆಳಕನ್ನು ದಾರಿಗಾಗಿ ಉಳಿಸಿಕೊಂಡು, ಜೊತೆಗೊಂದು ಹೆಚ್ಚುವರಿ ಟಾರ್ಚನ್ನೂ ಸೀಟಿಯನ್ನೂ ಒಯ್ಯಬೇಕು. ನಿಮಿಷಕ್ಕೆ ಆರು ಬಾರಿ ಸೀಟಿ ಊದುವುದು ಅಥವಾ ಬೆಳಕು ಮಿನುಗಿಸುವುದು, ಒಂದು ನಿಮಿಷ ಬಿಟ್ಟು ಮತ್ತೆ ಹಾಗೆಯೇ ಮಾಡುವುದು ಅಂತರರಾಷ್ಟ್ರೀಯವಾಗಿ ಪರಿಚಿತವಾದ ಅಪಾಯದ ಸಂಕೇತ.

ಕಾಲು ಹೂತರೆ

ಹುದುಲು ಮರಳು ಸಿನಿಮಾದಲ್ಲಿ ತೋರಿಸುವಂತೆ ಮನುಷ್ಯನನ್ನು ಪೂರ್ತಿ ನುಂಗುವುದಿಲ್ಲ. ಮನುಷ್ಯದೇಹ ಅದಕ್ಕಿಂತ ಹಗುರ. ಕೊಲ್ಲುವುದು ಮರಳಲ್ಲ, ಕಾಲು ಸಿಕ್ಕಿಕೊಂಡಿರುವಾಗಲೇ ಬರುವ ಉಬ್ಬರ. ಒಂದು ಕಾಲನ್ನು ಎಳೆಯಲು ಹೋದರೆ ಇನ್ನೊಂದು ಆಳಕ್ಕೆ ಹೋಗುತ್ತದೆ. ಕೈಯಲ್ಲಿರುವುದನ್ನು ಬಿಟ್ಟು, ಹಿಂದಕ್ಕೆ ಒರಗಿ ಭಾರವನ್ನು ಹರಡಿ, ಕಾಲುಗಳನ್ನು ಮೆಲ್ಲನೆ ಅಲುಗಿಸುತ್ತಾ ಬಿಡಿಸಿಕೊಳ್ಳಲು ಯತ್ನಿಸಬೇಕು. ಸಹಾಯಕ್ಕೆ ತಡಮಾಡದೆ ಕರೆ ಮಾಡಬೇಕು. ಬ್ರಿಟನ್ನಿನಲ್ಲಿ 999 ಅಥವಾ 112ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಬೇಕು.

ನೀರಿಗೆ ಬಿದ್ದರೆ ಈಜಲು ಹೆಣಗುವುದೇ ಮೊದಲ ತಪ್ಪು. 15 ಡಿಗ್ರಿಗಿಂತ ತಣ್ಣಗಿನ ನೀರು ಮೈಸೋಕಿದೊಡನೆ ಉಸಿರು ತಾನಾಗಿ ಏದುತ್ತದೆ; ಬಾಯಿಗೆ ನೀರು ನುಗ್ಗುವುದು ಆಗಲೇ. 1824ರಲ್ಲಿ ಸ್ಥಾಪನೆಯಾದ ಅಲ್ಲಿನ ಜೀವರಕ್ಷಕ ದೋಣಿ ಸಂಸ್ಥೆ ಆರ್‌ಎನ್‌ಎಲ್‌ಐ ನೀಡುವ ಸಲಹೆ ಸರಳವಾದುದು. ತಲೆಯನ್ನು ಹಿಂದಕ್ಕೆ ಚಾಚಿ, ಕಿವಿಗಳು ಮುಳುಗುವಂತೆ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ಕೂಗಬೇಕು ಅಥವಾ ಈಜಬೇಕು.

ಸಲಿಕೆಗೆ ಸಿಗುವ ಅಪಾಯ

ಲೋಹಶೋಧಕಕ್ಕೆ ಉಂಗುರವೂ ಒಂದೇ, ಸಿಡಿಗುಂಡೂ ಒಂದೇ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ತೀರಗಳಲ್ಲಿ ನೆಲಬಾಂಬುಗಳನ್ನು ಹೂಳಲಾಗಿತ್ತು. ಕೆಲವು ತೀರಗಳು ಸೇನಾ ತರಬೇತಿಗೂ ಬಳಕೆಯಾಗಿದ್ದವು. ಸ್ಫೋಟಗೊಳ್ಳದೆ ಉಳಿದ ಮದ್ದುಗುಂಡುಗಳು ಇಂದಿಗೂ ಮರಳಿನಿಂದ ಹೊರಬರುವುದುಂಟು. ತುಕ್ಕು ಹಿಡಿದ ಕೊಳವೆಯಾಕಾರದ ವಸ್ತು ಕಂಡರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಸ್ಥಳವನ್ನು ಗುರುತಿಟ್ಟುಕೊಂಡು ದೂರ ಹೋಗಿ ಕರೆ ಮಾಡಬೇಕು. ಜರ್ಮನಿಯ ಉಸೆಡಮ್ ದ್ವೀಪದ ತೀರದಲ್ಲಿ ಇನ್ನೊಂದು ವಿಚಿತ್ರ ಅಪಾಯವಿದೆ. ಯುದ್ಧಕಾಲದ ಬಾಂಬುಗಳ ಬಿಳಿ ರಂಜಕದ ಉಂಡೆಗಳು ಅಲ್ಲಿ ತೇಲಿಬರುತ್ತವೆ. ನೋಡಲು ಅಂಬರ್ ಹರಳಿನಂತೆಯೇ ಇರುವ ಇವು ಒದ್ದೆಯಾಗಿರುವಾಗ ಸುಮ್ಮನಿದ್ದು, ಜೇಬಿನ ಬಿಸಿಗೆ ಒಣಗಿದೊಡನೆ ಹೊತ್ತಿಕೊಳ್ಳುತ್ತವೆ.

ಆಳವಾದ ಗುಂಡಿಯೂ ಅಪಾಯವೇ. ಒಣಮರಳಿನ ಗೋಡೆ ಎಚ್ಚರಿಕೆ ಕೊಡದೆ ಕುಸಿಯುತ್ತದೆ. ತೋಡಿದ ಗುಂಡಿಯನ್ನು ಮುಚ್ಚದೆ ಹೋದರೆ ಕತ್ತಲಲ್ಲಿ ಬರುವ ಮತ್ತೊಬ್ಬನ ಕಾಲು ಮುರಿದೀತು. ಕಡಿದಾದ ಬಂಡೆಗಳ ಬುಡದಲ್ಲಿ, ವಿಶೇಷವಾಗಿ ಮಳೆಯ ನಂತರ, ಹುಡುಕಾಟ ಸಲ್ಲದು.

ಸಿಕ್ಕಿದ್ದು ಯಾರದು?

ಸುರಕ್ಷಿತವಾಗಿ ಮರಳಿದ ಮೇಲೂ ಕಾನೂನಿನ ಹೊಣೆ ಉಳಿಯುತ್ತದೆ. 1996ರ ನಿಧಿ ಕಾಯಿದೆಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಧಿಯೆನಿಸುವ ವಸ್ತುವಿನ ಬಗ್ಗೆ 14 ದಿನಗಳೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಹಡಗಿನ ಅವಶೇಷವಾದರೆ 28 ದಿನಗಳೊಳಗೆ ಅದಕ್ಕೆಂದೇ ನೇಮಕಗೊಂಡ ಬೇರೊಬ್ಬ ಅಧಿಕಾರಿಗೆ ವರದಿ ಮಾಡಬೇಕು. ಯಾರೋ ಮೊನ್ನೆ ಕಳೆದುಕೊಂಡ ಉಂಗುರವನ್ನು ಒಡೆಯನನ್ನು ಹುಡುಕದೆ ಇಟ್ಟುಕೊಂಡರೆ ಕಳವೆನಿಸಬಹುದು.

ಭಾರತದಲ್ಲಿ 1878ರ ನಿಧಿ ಕಾಯಿದೆ ಇನ್ನೂ ಕಠಿಣ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸುವುದು ಕಡ್ಡಾಯ. ಕರ್ನಾಟಕದ ಕರಾವಳಿಯಲ್ಲಿ ಉಬ್ಬರ ಇಳಿತಗಳ ಅಂತರ ಸುಮಾರು ಎರಡು ಮೀಟರಿನ ಆಸುಪಾಸಿನಲ್ಲಿದ್ದು, ಮೋರ್ಕಂಬ್‌ನಂತೆ ಕಿಲೋಮೀಟರುಗಟ್ಟಲೆ ಮರಳು ಬಯಲಾಗುವುದಿಲ್ಲ. ಇಲ್ಲಿನ ಅಪಾಯ ಬೇರೆ ಬಗೆಯದು: ಮಳೆಗಾಲದ ಅಬ್ಬರದ ಅಲೆ, ಒಳಕ್ಕೆಳೆಯುವ ಸೆಳೆತ, ಜಾರುವ ಪಾರೆಗಲ್ಲು. ಚಳಿಗಾಲದ ರಾತ್ರಿಗಳಲ್ಲಿ ಉತ್ತರ ಕನ್ನಡದ ತೀರಗಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೆ ಟಾರ್ಚಿನ ಬೆಳಕೂ ಅಗೆತವೂ ಕಂಟಕ ಎಂಬುದನ್ನೂ ಗಮನಿಸಬೇಕು. ಇಲ್ಲಿ ತುರ್ತು ಕರೆಗೆ 112 ಮತ್ತು ಭಾರತೀಯ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗಳಿವೆ.

ಈ ಇಳಿತದಲ್ಲಿ ಸಿಗದ ಉಂಗುರವನ್ನು ಮುಂದಿನ ಇಳಿತದಲ್ಲಿ ಹುಡುಕಬಹುದು. ಅದಕ್ಕಾಗಿ ಕಾಯಬೇಕಾದುದು ಹನ್ನೆರಡೂವರೆ ಗಂಟೆಗೂ ಕಡಿಮೆ ಹೊತ್ತು. ಅಲಾರಂ ಮೊಳಗಿದಾಗ ಸಲಿಕೆಯನ್ನು ಸೊಂಟಕ್ಕೆ ಸಿಕ್ಕಿಸಿ ದಡದತ್ತ ಹೊರಡುವುದೇ ಈ ಹವ್ಯಾಸದ ಮೊದಲ ನಿಯಮ.